ಮೊಬೈಲ್ ಗೋಪುರ ಏರುವವರ ಸುರಕ್ಷತೆ: ನೆಲದ ಮೇಲೆ ಆಗಬೇಕಾದ ಯೋಜನೆ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಯಂತಹ ಮಹಾನಗರಗಳಲ್ಲಿ ನೆಲೆಸಿರುವ ನಮ್ಮಲ್ಲಿ ಬಹುಮಂದಿ ಒಂದಲ್ಲ ಒಂದು ಹೌಸಿಂಗ್ ಸೊಸೈಟಿಯ ಸದಸ್ಯರು. ಹಲವರು ಅದರ ಕಾರ್ಯದರ್ಶಿಗಳೋ ಖಜಾಂಚಿಗಳೋ ಆಗಿ ದುಡಿದವರು. ತಾರಸಿಯ ಮೇಲೆ ಮೊಬೈಲ್ ಗೋಪುರ ನಿಲ್ಲಿಸಲು ಅನುಮತಿ ಕೋರಿ ಬರುವ ಪತ್ರಗಳು ಇಂತಹ ಸಮಿತಿಗಳಿಗೆ ಹೊಸತಲ್ಲ. ನಮ್ಮ ಕಟ್ಟಡಕ್ಕೂ ಅಂತಹ ಪತ್ರವೊಂದು ಬಂದಾಗ ಕಡತದಲ್ಲಿ ಏನೇನಿರಬೇಕೆಂದು ಪಟ್ಟಿ ಮಾಡಿದೆವು. ಒಪ್ಪಂದದ ಕರಡು, ಕಟ್ಟಡದ ದೃಢತೆಯ ಪ್ರಮಾಣಪತ್ರ, ಮಹಾನಗರ ಪಾಲಿಕೆಯ ಅನುಮತಿ, ವಿಕಿರಣ ಮಿತಿಯ ಪ್ರಮಾಣಪತ್ರ, ಮುಂಗಡ ಬಾಡಿಗೆ ಎಲ್ಲವೂ ಕ್ರಮವಾಗಿ ಬಂದು ಸೇರಿದವು. ಕೆಲವು ತಿಂಗಳ ಅನಂತರ ಒಂದು ಬೆಳಿಗ್ಗೆ ಇಬ್ಬರು ತರುಣರು ವಾಚ್‌ಮನ್ನನಿಂದ ತಾರಸಿಯ ಬೀಗದ ಕೈ ಪಡೆದು ಮೇಲೆ ಹೋದರು. ಒಬ್ಬನು ಸೊಂಟಕ್ಕೆ ಹಗ್ಗ ಸುತ್ತಿಕೊಂಡು, ಕಾಲಿನ ಚಪ್ಪಲಿಯನ್ನು ಕಳಚಿಟ್ಟು, ಬರಿಗಾಲಿನಲ್ಲಿ ಕಂಬ ಹತ್ತುತ್ತಿದ್ದನು. ಅಷ್ಟು ದಪ್ಪದ ಕಡತದಲ್ಲಿ ಅವನ ಕುರಿತು ಒಂದು ಕಾಗದವೂ ಇಲ್ಲವೆಂಬುದು ಆಗ ನಮ್ಮ ಅರಿವಿಗೆ ಬಂತು. ಅವನ ಹೆಸರೇನು, ಅವನು ಯಾರ ಕೆಲಸಗಾರ, ಅವನಿಗೇನಾದರೂ ಆದರೆ ಯಾರಿಗೆ ತಿಳಿಸಬೇಕು ಎಂಬ ಯಾವ ಪ್ರಶ್ನೆಗೂ ಅಲ್ಲಿ ಉತ್ತರವಿರಲಿಲ್ಲ. ಅಂದು ಅವನಿಗೆ ಏನೂ ಆಗಲಿಲ್ಲ. ಆ ಕಡತದಲ್ಲಿ ಇಲ್ಲದಿದ್ದ ಕಾಗದದಲ್ಲಿ ಏನಿರಬೇಕಿತ್ತು ಎಂಬುದೇ ಈ ಲೇಖನದ ವಿಷಯ.

ಗೋಪುರಗಳು ಮತ್ತು ಏರುವವರು

ದೂರಸಂಪರ್ಕ ಗೋಪುರಗಳಲ್ಲಿ ಸ್ಥೂಲವಾಗಿ ಎರಡು ಬಗೆ. ನೆಲದಲ್ಲಿ ಕಾಂಕ್ರೀಟಿನ ಅಡಿಪಾಯ ಹಾಕಿ ನಿಲ್ಲಿಸುವ, ಸಾಮಾನ್ಯವಾಗಿ 30ರಿಂದ 60 ಮೀಟರ್ ಎತ್ತರದ ಉಕ್ಕಿನ ಗೋಪುರಗಳು ಒಂದು ಬಗೆ. ಕಟ್ಟಡಗಳ ತಾರಸಿಯ ಮೇಲೆ ನಿಲ್ಲಿಸುವ ಗಿಡ್ಡ ಗೋಪುರಗಳೂ ಕಂಬಗಳೂ ಇನ್ನೊಂದು ಬಗೆ. ದೂರದರ್ಶನದ ಗೋಪುರಗಳು ಇವುಗಳಿಗಿಂತ ಬಹಳ ಎತ್ತರವಾದವು. ಮುಂಬಯಿಯ ವರ್ಲಿಯಲ್ಲಿರುವುದು 300 ಮೀಟರ್, ದೆಹಲಿಯ ಪೀತಂಪುರದ್ದು 235 ಮೀಟರ್, ರಾಮೇಶ್ವರದ್ದು 323 ಮೀಟರ್. ಆದರೆ ಅಂತಹವು ಕೆಲವೇ. ಗಲ್ಲಿಗಲ್ಲಿಗೂ ಹಬ್ಬಿರುವುದು ಮೊಬೈಲ್ ಗೋಪುರ.

ಇವುಗಳನ್ನು ಏರಿ ಕೆಲಸ ಮಾಡುವವರನ್ನು ಉದ್ಯಮದ ಭಾಷೆಯಲ್ಲಿ ‘ರಿಗ್ಗರ್’ ಎನ್ನುತ್ತಾರೆ. ಆಂಟೆನಾ ಕೂರಿಸುವುದು, ಅದರ ದಿಕ್ಕು ಬದಲಿಸುವುದು, ಕೇಬಲ್ ಎಳೆಯುವುದು, ಬೋಲ್ಟ್ ಬಿಗಿಮಾಡುವುದು, ಬಣ್ಣ ಬಳಿಯುವುದು, ತುದಿಯ ಕೆಂಪು ದೀಪ ಬದಲಿಸುವುದು ಅವರ ಕೆಲಸ. ಗೋಪುರವನ್ನು ಒಮ್ಮೆ ನಿಲ್ಲಿಸಿದರೆ ಮುಗಿಯಿತೆಂದು ನಾವೆಲ್ಲ ಭಾವಿಸಿರುತ್ತೇವೆ. ವಾಸ್ತವದಲ್ಲಿ ತಂತ್ರಜ್ಞಾನ ಬದಲಾದಂತೆಲ್ಲ ಯಾರೋ ಒಬ್ಬರು ಮತ್ತೆ ಮೇಲೇರಲೇಬೇಕು. 2022ರ ಅಕ್ಟೋಬರ್ 1ರಂದು ನಮ್ಮ ದೇಶದಲ್ಲಿ ಐದನೆಯ ತಲೆಮಾರಿನ ಸೇವೆ ಆರಂಭವಾದ ಅನಂತರ ಹಳೆಯ ಗೋಪುರಗಳ ಮೇಲೆಯೇ ಹೊಸ ಆಂಟೆನಾಗಳನ್ನು ಕೂರಿಸುವ ಕೆಲಸ ಭರದಿಂದ ನಡೆಯಿತು.

40 ಮೀಟರ್ ಎತ್ತರದಿಂದ ಜಾರಿದ ವ್ಯಕ್ತಿ ನೆಲ ಮುಟ್ಟಲು 3 ಸೆಕೆಂಡೂ ಬೇಡ. ನೆಲಕ್ಕೆ ಬಡಿಯುವಾಗಿನ ವೇಗ ಗಂಟೆಗೆ ಸುಮಾರು 100 ಕಿಲೋಮೀಟರ್. ಕೈತಪ್ಪಿ ಬಿದ್ದ ಸ್ಪ್ಯಾನರಿಗೂ ಇದೇ ಲೆಕ್ಕ. ಕೆಳಗೆ ನಿಂತವನ ತಲೆಯ ಮೇಲೆ ಹೆಲ್ಮೆಟ್ ಇರಬೇಕು ಎನ್ನುವುದಕ್ಕಿಂತಲೂ, ಅವನು ಅಲ್ಲಿ ನಿಲ್ಲಲೇಬಾರದು ಎನ್ನುವುದು ಸರಿಯಾದ ಯೋಜನೆ.

ಪಟ್ಟಿ ಕಟ್ಟಿಕೊಂಡರೆ ಸಾಲದು

ಸುರಕ್ಷತೆ ಎಂದೊಡನೆ ನಮಗೆ ನೆನಪಾಗುವುದು ಸೊಂಟದ ಬೆಲ್ಟ್. ಬಿದ್ದಾಗ ಸೊಂಟದ ಬೆಲ್ಟು ಇಡೀ ದೇಹದ ಭಾರವನ್ನು ಹೊಟ್ಟೆ ಹಾಗೂ ಬೆನ್ನುಮೂಳೆಯ ಮೇಲೆಯೇ ಹಾಕುತ್ತದೆ. ಆದುದರಿಂದ ಇಂದು ಬಳಸಬೇಕಾದುದು ತೊಡೆ, ಭುಜ, ಎದೆಗಳನ್ನೆಲ್ಲ ಬಳಸಿ ಬರುವ ಫುಲ್ ಬಾಡಿ ಹಾರ್ನೆಸ್. ಇದಕ್ಕೆ ಐಎಸ್ 3521 ಎಂಬ ಭಾರತೀಯ ಮಾನಕವೇ ಇದೆ. ಹಾರ್ನೆಸ್‌ನಿಂದ ಗೋಪುರಕ್ಕೆ ಹೋಗುವ ಕೊಕ್ಕೆಹಗ್ಗಕ್ಕೆ ಲ್ಯಾನ್ಯಾರ್ಡ್ ಎಂದು ಹೆಸರು. ಅದರಲ್ಲಿ ಎರಡು ಕವಲುಗಳಿರಬೇಕು. ಒಂದು ಕೊಕ್ಕೆಯನ್ನು ಮೇಲಿನ ಸಲಾಕೆಗೆ ಹಾಕಿದ ಅನಂತರವೇ ಇನ್ನೊಂದನ್ನು ಬಿಚ್ಚಬೇಕು. ಯಾವ ಕ್ಷಣದಲ್ಲಿಯೂ ದೇಹ ಗೋಪುರದಿಂದ ಬೇರಾಗಬಾರದು.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ. 60 ಮೀಟರಿನ ಗೋಪುರದಲ್ಲಿ ಮೀಟರಿಗೊಮ್ಮೆ ಕೊಕ್ಕೆ ಬದಲಿಸಲು ಕೇವಲ 10 ಸೆಕೆಂಡು ಎಂದಿಟ್ಟುಕೊಂಡರೂ ಹತ್ತಿ ಇಳಿಯುವುದರಲ್ಲಿ 20 ನಿಮಿಷ ಕೊಕ್ಕೆಗೇ ಆಯಿತು. ದಿನಕ್ಕೆ ನಾಲ್ಕು ಗೋಪುರಗಳಾದರೆ 80 ನಿಮಿಷ. ಗೋಪುರಕ್ಕಿಷ್ಟು ಎಂದು ಕೂಲಿ ನಿಗದಿಯಾಗಿರುವ ತರುಣನಿಗೆ ಈ 80 ನಿಮಿಷಗಳಿಗೆ ಯಾರೂ ಹಣ ಕೊಡುವುದಿಲ್ಲ. ಅವನು ಕೊಕ್ಕೆ ಹಾಕದೆ ಸರಸರನೆ ಏರಿದರೆ ಅದನ್ನು ನಾವು ಅಜಾಗರೂಕತೆ ಎಂದು ಕರೆಯುತ್ತೇವೆ. ಆದರೆ ಆ ಅಜಾಗರೂಕತೆ ದರಪಟ್ಟಿಯಲ್ಲಿಯೇ ಬರೆದುಹೋಗಿತ್ತು. ಅಂಕಿಸಂಖ್ಯೆಗಳ ನಡುವೆಯೇ ಬದುಕು ಸವೆಸಿದ ನಮಗೆ ಈ ವಿಷಯದಲ್ಲಿ ಮೊದಲು ಕಾಣಿಸಿದ್ದು ಇದೇ.

ತಾರಸಿಯ ಗಿಡ್ಡ ಕಂಬಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಲ್ಯಾನ್ಯಾರ್ಡಿನ ಉದ್ದ ಸುಮಾರು 1.8 ಮೀಟರ್. ಬೀಳುವ ಆಘಾತವನ್ನು ತಗ್ಗಿಸಲೆಂದು ಅದರಲ್ಲಿ ಮಡಚಿಟ್ಟಿರುವ ಪಟ್ಟಿ ಬಿಚ್ಚಿಕೊಂಡಾಗ ಇನ್ನೂ ಒಂದು ಮೀಟರಿಗೂ ಹೆಚ್ಚು ಸೇರುತ್ತದೆ. ಬೆನ್ನಿನ ಕೊಂಡಿಯಿಂದ ಪಾದದವರೆಗೆ ಒಂದೂವರೆ ಮೀಟರ್; ಮೇಲೆ ಒಂದು ಮೀಟರ್ ಎಚ್ಚರಿಕೆಯ ಅಂತರ. ಒಟ್ಟಿನಲ್ಲಿ ಕೊಕ್ಕೆ ಹಾಕಿದ ಜಾಗದ ಕೆಳಗೆ ಸುಮಾರು ಐದೂವರೆ ಮೀಟರ್ ಬರಿದಾಗಿರಬೇಕು. 3 ಮೀಟರ್ ಎತ್ತರದಲ್ಲಿ ಕೊಕ್ಕೆ ಹಾಕಿದವನನ್ನು ಹಗ್ಗ ಹಿಡಿದು ನಿಲ್ಲಿಸುವ ಮುನ್ನವೇ ತಾರಸಿ ಬಂದಿರುತ್ತದೆ. ಅಂತಹ ಕಡೆ ಗಿಡ್ಡ ಹಗ್ಗವೋ, ತಲೆಯ ಮೇಲಿನ ಆಧಾರವೋ, ಅಟ್ಟಣೆಯೋ ಬೇಕು. ಯಾವುದು ಬೇಕೆಂಬುದನ್ನು ಕಂಬವನ್ನು ಮುಂಚಿತವಾಗಿ ನೋಡಿದವರು ಮಾತ್ರ ಹೇಳಬಲ್ಲರು; ಬೆಳಿಗ್ಗೆ ಬೈಕಿನಲ್ಲಿ ಬಂದಿಳಿದವನು ಹೇಳಲಾರನು.

ಹ್ಯೂಸ್ಟನ್ ಬಳಿಯ ದುರಂತ

ಯೋಜನೆ ಎಂಬುದು ಬರಿಯ ಕಾಗದವಲ್ಲ ಎಂಬುದನ್ನು ಅರಿಯಲು ಅಮೆರಿಕದ ಒಂದು ಪ್ರಕರಣವನ್ನು ನೋಡಬೇಕು. ಅಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ವೃತ್ತಿನೀತಿಯ ಪಾಠವಾಗಿ ಇದನ್ನು ಬೋಧಿಸುತ್ತಾರೆ. 1982ರ ಡಿಸೆಂಬರ್ 7ರಂದು ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದ ಸಮೀಪದ ಮಿಸೌರಿ ಸಿಟಿಯಲ್ಲಿ, ಸಾವಿರದ ಐನೂರು ಅಡಿಗೂ ಮೀರಿದ ಹೊಸ ಪ್ರಸಾರ ಗೋಪುರವೊಂದರ ತುದಿಗೆ ಸುಮಾರು 6 ಟನ್ ತೂಕದ ಆಂಟೆನಾ ಭಾಗವನ್ನು ಎತ್ತುತ್ತಿದ್ದರು.

ಆ ಭಾಗದ ಮಗ್ಗುಲಿಗೆ ಬುಟ್ಟಿಯಾಕಾರದ ಸಣ್ಣ ಆಂಟೆನಾಗಳಿದ್ದವು. ನೆಟ್ಟಗೆ ಎತ್ತಿದರೆ ಎತ್ತುವ ಹಗ್ಗ ಆ ಬುಟ್ಟಿಗಳಿಗೆ ತಗಲುತ್ತಿತ್ತು. ಅವುಗಳನ್ನು ಬಿಚ್ಚಿಟ್ಟು ಮೇಲೆ ಹೋದ ಬಳಿಕ ಮತ್ತೆ ಜೋಡಿಸಬಹುದೇ ಎಂದು ಎತ್ತುವ ತಂಡದವರು ಆಂಟೆನಾ ತಯಾರಕರನ್ನು ಕೇಳಿದರು. ತಯಾರಕರು ಒಪ್ಪಲಿಲ್ಲ. ಆಗ ತಂಡದವರೇ ಒಂದು ಉಪಾಯ ಹೂಡಿದರು. ಎತ್ತುವ ಕೊಂಡಿಗೆ ಉಕ್ಕಿನ ತುಂಡೊಂದನ್ನು ಬೋಲ್ಟುಗಳಿಂದ ಜೋಡಿಸಿ, ಹಗ್ಗವನ್ನು ಬುಟ್ಟಿಗಳಿಂದ ಆಚೆಗೆ ಸರಿಸಿದರು. ಇದು ಸರಿಯೇ ನೋಡಿಕೊಡಿ ಎಂದು ತಯಾರಕರ ಎಂಜಿನಿಯರುಗಳನ್ನು ಮತ್ತೆ ಕೇಳಿದರು. ನೋಡಿದರೆ ನಾಳೆ ಹೊಣೆ ತಮ್ಮ ಮೇಲೆ ಬಂದೀತೆಂಬ ಅಂಜಿಕೆಯಿಂದ ಸಂಸ್ಥೆಯವರು ನೋಡಲು ನಿರಾಕರಿಸಿದರು.

ತಂಡದವರ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿತ್ತು. ಬೋಲ್ಟುಗಳು ಆಂಟೆನಾದ ತೂಕವನ್ನು ತಾಳುತ್ತವೆಯೇ ಎಂದು ನೋಡಿದ್ದರು. ಆದರೆ ಹಗ್ಗವನ್ನು ಪಕ್ಕಕ್ಕೆ ಸರಿಸಿದೊಡನೆ ಆ ಉಕ್ಕಿನ ತುಂಡು ಸನ್ನೆಕೋಲಾಗಿಬಿಟ್ಟಿತು. ಸನ್ನೆಕೋಲಿನಿಂದ ಬಂಡೆ ಮೀಟುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೋಲಿನ ಉದ್ದ ಭಾರವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಬೋಲ್ಟುಗಳು ಮುರಿದವು. ಬೀಳುತ್ತಿದ್ದ ಆಂಟೆನಾ ಗೋಪುರವನ್ನು ಹಿಡಿದು ನಿಲ್ಲಿಸಿದ್ದ ಎಳೆತಂತಿಯೊಂದನ್ನು ಕತ್ತರಿಸಿತು, ಗೋಪುರವೇ ಕುಸಿಯಿತು. ಆಂಟೆನಾದೊಡನೆ ಮೇಲೇರುತ್ತಿದ್ದ ಇಬ್ಬರು, ಗೋಪುರದ ಮೇಲಿದ್ದ ಮೂವರು, ಒಟ್ಟು ಐವರು ಮಡಿದರು.

ಆ ಐವರಲ್ಲಿ ಯಾರೂ ಬೆಲ್ಟ್ ಕಟ್ಟಿಕೊಳ್ಳದೆ ಸತ್ತವರಲ್ಲ. ಇಡೀ ಪ್ರಕರಣದಲ್ಲಿ ನಮ್ಮ ಮನಸ್ಸನ್ನು ಕಲಕುವುದು ಆ ನಿರಾಕರಣೆ. ಲೆಕ್ಕ ಬಲ್ಲವರು ಒಂದು ನಕ್ಷೆಯ ಮೇಲೆ ಕಣ್ಣಾಡಿಸಿದ್ದರೆ ಸಾಕಿತ್ತು. ಸಹಿ ಹಾಕಿದರೆ ಸಿಕ್ಕಿಬೀಳುತ್ತೇವೆಂದು ಕಡತವನ್ನು ಪಕ್ಕಕ್ಕೆ ಸರಿಸುವ ಗುಣ ನಮ್ಮ ಕಚೇರಿಗಳಿಗೂ ಅಪರಿಚಿತವೇನಲ್ಲ.

ಯೋಜನಾಪತ್ರದಲ್ಲಿ ಇರಬೇಕಾದದ್ದು

ಹಾಗಾದರೆ ಏರುವ ಮುನ್ನ ಬರೆದಿರಬೇಕಾದ ಪತ್ರದಲ್ಲಿ ಏನಿರಬೇಕು?

ಮೊದಲನೆಯದು ಗೋಪುರದ ಸ್ಥಿತಿ. ಗೋಪುರಗಳನ್ನು ಐಎಸ್ 875ರ ಮೂರನೆಯ ಭಾಗದಲ್ಲಿ ಹೇಳಿದ ಗಾಳಿಯ ವೇಗಕ್ಕೆ ತಕ್ಕಂತೆ ವಿನ್ಯಾಸಗೊಳಿಸುತ್ತಾರೆ. ಈ ಮೂಲವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಪುಣೆಗೂ ಮಂಗಳೂರಿಗೂ 39, ಮುಂಬಯಿಗೂ ಹೈದರಾಬಾದಿಗೂ 44, ದೆಹಲಿಗೆ 47, ಚೆನ್ನೈಗೆ 50. ಚೆನ್ನೈಯ ಅಂಕಿ ಎಂದರೆ ಗಂಟೆಗೆ 180 ಕಿಲೋಮೀಟರ್. ಗೋಪುರಕ್ಕೆ ಆಂಟೆನಾ ಸೇರಿದಂತೆಲ್ಲ ಗಾಳಿಗೆ ಎದೆಯೊಡ್ಡುವ ವಿಸ್ತಾರವೂ ಹೆಚ್ಚುತ್ತದೆ. ಗಾಳಿಯ ಮುಂದೆ ವಿಸ್ತಾರ ಹೆಚ್ಚಿದರೆ ಏನಾಗುತ್ತದೆ ಎಂಬುದನ್ನು ಮುಂಬಯಿಯವರು 2024ರ ಮೇ 13ರಂದು ಘಾಟ್ಕೋಪರಿನಲ್ಲಿ ಕಂಡಿದ್ದಾರೆ. 40 ಅಡಿ ಉದ್ದಗಲದ ಮಿತಿಯಿದ್ದ ಕಡೆ 120 ಅಡಿ ಉದ್ದಗಲಕ್ಕೆ ಬೆಳೆದಿದ್ದ ಜಾಹೀರಾತು ಫಲಕ ಬಿರುಗಾಳಿಗೆ ಪೆಟ್ರೋಲ್ ಬಂಕಿನ ಮೇಲೆ ಮಗುಚಿ 17 ಜನರು ಪ್ರಾಣ ಕಳೆದುಕೊಂಡರು. ಅದು ಮೊಬೈಲ್ ಗೋಪುರವಲ್ಲದಿದ್ದರೂ ಗಾಳಿಗೆ ಆ ಭೇದವಿಲ್ಲ.

ಹಳೆಯ ಗೋಪುರಕ್ಕೆ ಹೊಸ ಭಾರ ಹೊರಿಸುವ ಮುನ್ನ ಅದನ್ನು ಬಲಪಡಿಸುತ್ತಾರೆ. ವಿಚಿತ್ರವೆಂದರೆ ಬಲಪಡಿಸುವ ಹೊತ್ತೇ ಗೋಪುರ ಅತ್ಯಂತ ದುರ್ಬಲವಾಗಿರುವ ಹೊತ್ತು. ಹಳೆಯ ಅಡ್ಡಸಲಾಕೆಯನ್ನು ಬಿಚ್ಚಿ ಹೊಸದನ್ನು ಹಾಕುವ ನಡುವಿನ ವೇಳೆಯಲ್ಲಿ ಅದನ್ನು ಹಿಡಿದಿಡಲು ತಾತ್ಕಾಲಿಕ ಆಧಾರ ಬೇಕು. 2014ರ ಫೆಬ್ರವರಿ 1ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್ ಬಳಿ ಇಂತಹ ಆಧಾರವಿಲ್ಲದೆ ಸಲಾಕೆಗಳನ್ನು ಬಿಚ್ಚಿದಾಗ ಗೋಪುರ ಕುಸಿದು ಇಬ್ಬರು ಕೆಲಸಗಾರರು ಸತ್ತರು. ಅವರ ನೆರವಿಗೆ ಧಾವಿಸಿದ ಅಗ್ನಿಶಾಮಕ ಸ್ವಯಂಸೇವಕನೊಬ್ಬನು ಪಕ್ಕದ ಎರಡನೆಯ ಗೋಪುರ ಬಿದ್ದು ಮೃತನಾದನು. ಯಾವ ಸಲಾಕೆಯನ್ನು ಯಾವ ಕ್ರಮದಲ್ಲಿ ಬಿಚ್ಚಬೇಕೆಂಬುದು ಎಂಜಿನಿಯರನ ಸಹಿಯೊಡನೆ ನಕ್ಷೆಯಲ್ಲಿಯೇ ಇರಬೇಕು.

ಎರಡನೆಯದು ಎತ್ತುವ ಕ್ರಮ. ಹೊಸ ಆಂಟೆನಾಗಳು ಒಬ್ಬನು ಹೆಗಲಿಗೇರಿಸಿಕೊಂಡು ಏಣಿ ಹತ್ತಲಾಗದಷ್ಟು ಭಾರ. ರಾಟೆಯನ್ನು ಎಲ್ಲಿ ಕಟ್ಟಬೇಕು, ಹಗ್ಗ ಎಷ್ಟು ಭಾರ ತಾಳುತ್ತದೆ, ಕೆಳಗೆ ಎಷ್ಟು ಜಾಗವನ್ನು ಜನರಿಲ್ಲದಂತೆ ತೆರವು ಮಾಡಬೇಕು ಎಂಬುದನ್ನು ಬರೆದಿಡಬೇಕು. ಸಮೀಪದಲ್ಲಿ ವಿದ್ಯುತ್ ತಂತಿಗಳಿದ್ದರೆ ಉದ್ದದ ಕೊಳವೆ ತಗಲದಂತೆ ಲೈನ್ ಬಂದ್ ಮಾಡಿಸಬೇಕು.

ವಿಕಿರಣದ ವಿಷಯದಲ್ಲಿ ನಮ್ಮ ಸೊಸೈಟಿಗಳ ವರ್ತನೆ ತುಸು ವಿಡಂಬನೆಯದ್ದು. ಸಾರ್ವಜನಿಕರಿಗೆ ಅನ್ವಯಿಸುವ ಮಿತಿಯನ್ನು ಕೇಂದ್ರ ಸರಕಾರ 2012ರ ಸೆಪ್ಟೆಂಬರ್ 1ರಿಂದ ಅಂತಾರಾಷ್ಟ್ರೀಯ ಮಿತಿಯ ಹತ್ತರಲ್ಲಿ ಒಂದಕ್ಕೆ ಇಳಿಸಿತು. ಕೆಳಗಿನ ಮನೆಗಳಲ್ಲಿ ಕುಳಿತು ನಾವು ಇದರ ಬಗ್ಗೆ ಗಂಟೆಗಟ್ಟಲೆ ವಾದಿಸಿದ್ದೇವೆ. ಚಾಲೂ ಇರುವ ಆಂಟೆನಾದ ಎದುರಿಗೇ ಒಂದು ಅಡಿ ದೂರದಲ್ಲಿ ನಿಂತು ಬೋಲ್ಟ್ ತಿರುಗಿಸುವವನನ್ನು ಕುರಿತು ಯಾವ ಸಭೆಯಲ್ಲಿಯೂ ಮಾತು ಬಂದುದಿಲ್ಲ. ಅಷ್ಟು ಸಮೀಪದಲ್ಲಿ ಆ ಅಲೆಗಳು ದೇಹವನ್ನು ಒಳಗಿನಿಂದ ಬಿಸಿಮಾಡಬಲ್ಲವು. ಕೆಲಸದ ವೇಳೆಗೆ ಆ ದಿಕ್ಕಿನ ಪ್ರಸಾರವನ್ನು ನಿಲ್ಲಿಸುವುದೋ ತಗ್ಗಿಸುವುದೋ ಆಗಬೇಕು. ಒಂದೇ ಗೋಪುರವನ್ನು ಎರಡು ಮೂರು ಕಂಪೆನಿಗಳು ಹಂಚಿಕೊಂಡಿರುವಾಗ ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರದು ನಿಲ್ಲುವುದಿಲ್ಲ. ಎಲ್ಲರಿಗೂ ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆಯಬೇಕು. ಅದಕ್ಕೆ ದಿನಗಳು ಹಿಡಿಯುತ್ತವೆ.

ಮಳೆ, ಗುಡುಗು, ಬಿರುಗಾಳಿಗಳಿದ್ದಾಗ ಏರಬಾರದೆಂಬುದು ಎಲ್ಲರಿಗೂ ಗೊತ್ತು. ಇಂದು ಬೇಡ, ಇಳಿದು ಬಾ ಎನ್ನುವ ಅಧಿಕಾರ ಯಾರಿಗಿದೆ ಎಂಬುದು ಮಾತ್ರ ಬಹಳ ಕಡೆ ಬರೆದಿರುವುದಿಲ್ಲ. ಸಿಡಿಲಿನ ಮುನ್ಸೂಚನೆಗೆ ಪುಣೆಯ ಉಷ್ಣವಲಯದ ಪವನಶಾಸ್ತ್ರ ಸಂಸ್ಥೆ ರೂಪಿಸಿದ ‘ದಾಮಿನಿ’ ಎಂಬ ಮೊಬೈಲ್ ಆ್ಯಪ್ ಉಚಿತವಾಗಿ ದೊರೆಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವುದು ಕೆಳಗಿಳಿಸುವ ಯೋಜನೆ. ಬಿದ್ದವನನ್ನು ಹಾರ್ನೆಸ್ ಹಿಡಿದು ನಿಲ್ಲಿಸಿತು, ಜೀವ ಉಳಿಯಿತು ಎಂದು ನಿಟ್ಟುಸಿರು ಬಿಡುವಂತಿಲ್ಲ. ಅಲುಗಾಡದೆ ನೇತಾಡುವ ದೇಹದಲ್ಲಿ ರಕ್ತ ಕಾಲುಗಳಲ್ಲಿಯೇ ನಿಂತು ಹೃದಯಕ್ಕೂ ಮೆದುಳಿಗೂ ಕಡಿಮೆಯಾಗುತ್ತದೆ. ಅರ್ಧ ಗಂಟೆಯೊಳಗೆ ಸಾವು ಸಂಭವಿಸಬಹುದು. ಮಹಾನಗರದ ಸಂಜೆಯ ವಾಹನ ದಟ್ಟಣೆಯಲ್ಲಿ ಅಗ್ನಿಶಾಮಕ ದಳ ಅರ್ಧ ಗಂಟೆಯಲ್ಲಿ ಬಂದೀತೆಂದು ಯಾರು ಹೇಳಬಲ್ಲರು? ಬಂದರೂ ಅವರ ಏಣಿ ಆ ಗಲ್ಲಿಯೊಳಗೆ ತಿರುಗಬೇಕು. ಆದುದರಿಂದ ಇಳಿಸುವ ಸಾಮರ್ಥ್ಯ ತಂಡದಲ್ಲಿಯೇ ಇರಬೇಕು. ಒಬ್ಬನೇ ಏರಬಾರದು. ಮೇಲೇರಿ ಇನ್ನೊಬ್ಬನನ್ನು ಹಗ್ಗದಿಂದ ಇಳಿಸಬಲ್ಲ ತರಬೇತಿಯುಳ್ಳ ಮತ್ತೊಬ್ಬನು ಸ್ಥಳದಲ್ಲಿರಬೇಕು, ಅದಕ್ಕೆ ಬೇಕಾದ ಹಗ್ಗ, ರಾಟೆಗಳು ಚೀಲದಲ್ಲಿರಬೇಕು.

ಗುತ್ತಿಗೆಯ ಸರಪಳಿ ಮತ್ತು ಕಾನೂನು

ಇಷ್ಟೆಲ್ಲ ನಿಯಮಗಳು ದೊಡ್ಡ ಕಂಪೆನಿಗಳ ಕೈಪಿಡಿಗಳಲ್ಲಿ ಇಲ್ಲವೆಂದಲ್ಲ, ಬಹಳ ಅಚ್ಚುಕಟ್ಟಾಗಿಯೇ ಇವೆ. ಸೇವೆ ಒದಗಿಸುವ ಕಂಪೆನಿ ಗೋಪುರದ ಕಂಪೆನಿಗೆ, ಅದು ಒಬ್ಬ ಗುತ್ತಿಗೆದಾರನಿಗೆ, ಅವನು ಉಪಗುತ್ತಿಗೆದಾರನಿಗೆ, ಅವನು ಒಬ್ಬ ಮೇಸ್ತ್ರಿಗೆ ಕೆಲಸವನ್ನು ದಾಟಿಸುತ್ತಾ ಹೋದಂತೆ ಪ್ರತಿ ಮೆಟ್ಟಿಲಿನಲ್ಲಿಯೂ ಹಣ ಸೋರುತ್ತದೆ, ಕೈಪಿಡಿಯ ಪುಟಗಳೂ ಉದುರುತ್ತವೆ. ಅಮೆರಿಕದಲ್ಲಿ 2013ನೆಯ ಇಸವಿಯೊಂದರಲ್ಲೇ ಸಂಪರ್ಕ ಗೋಪುರಗಳ ಕೆಲಸದಲ್ಲಿ 13 ಮಂದಿ ಸತ್ತರು. ಅದು ಹಿಂದಿನ ಎರಡು ವರ್ಷಗಳ ಒಟ್ಟು ಸಂಖ್ಯೆಗಿಂತ ಹೆಚ್ಚು. 2014ರ ಫೆಬ್ರವರಿಯಲ್ಲಿ ಅಲ್ಲಿನ ಕಾರ್ಮಿಕ ಸುರಕ್ಷತಾ ಇಲಾಖೆಯ ಮುಖ್ಯಸ್ಥ ಡೇವಿಡ್ ಮೈಕೆಲ್ಸ್ ಈ ಉದ್ಯಮದವರಿಗೆ ನೇರವಾಗಿ ಪತ್ರ ಬರೆದರು. ಗುತ್ತಿಗೆದಾರರನ್ನು ಆರಿಸುವಾಗಲೇ ಸುರಕ್ಷತೆಯನ್ನು ಪರಿಗಣಿಸಬೇಕೆಂಬುದು ಅದರಲ್ಲಿನ ಒಂದು ಮುಖ್ಯ ಅಂಶ.

ನಮ್ಮ 1996ರ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆ ದೂರವಾಣಿ, ರೇಡಿಯೋ, ದೂರದರ್ಶನ ಹಾಗೂ ಗೋಪುರಗಳ ಕೆಲಸಗಳನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ತಂದಿತ್ತು. ಆದರೆ ಅದು ಅನ್ವಯಿಸುತ್ತಿದ್ದುದು 10 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ಸುರಕ್ಷತಾ ಸಮಿತಿ ಕಡ್ಡಾಯವಾಗಿದ್ದುದು 500 ಕಾರ್ಮಿಕರಿರುವ ಕಡೆ. ಗೋಪುರದ ಕೆಲಸಕ್ಕೆ ಬರುವ ತಂಡ ನಾಲ್ಕೈದು ಮಂದಿಯದು. 500ರ ಲೆಕ್ಕದಲ್ಲಿ ಯೋಚಿಸುವ ಕಾನೂನಿನ ಬಲೆಯ ಕಣ್ಣುಗಳಿಗೆ ಇಷ್ಟು ಸಣ್ಣ ಮೀನು ಸಿಕ್ಕುವುದಾದರೂ ಹೇಗೆ? 2025ರ ನವೆಂಬರ್ 21ರಿಂದ ಈ ಕಾಯ್ದೆಯ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಜಾರಿಗೆ ಬಂದಿದೆ. 10ರ ಸಂಖ್ಯೆ ಸಾಮಾನ್ಯವಾಗಿ ಅದರಲ್ಲಿಯೂ ಉಳಿದಿದೆ. ನೌಕರನಿಗೆ ನೇಮಕಪತ್ರ ಕೊಡಬೇಕೆಂಬ ಅದರ ನಿಯಮ ಮಾತ್ರ ಸ್ವಾಗತಾರ್ಹ. ಬಿದ್ದು ಸತ್ತವನು ನಮ್ಮವನೇ ಅಲ್ಲ ಎಂದು ಕೈತೊಳೆದುಕೊಳ್ಳುವುದು ನೇಮಕಪತ್ರವಿದ್ದಲ್ಲಿ ಕಷ್ಟ.

ಪರಿಹಾರದ ಲೆಕ್ಕವನ್ನೂ ತಿಳಿದಿರುವುದು ಒಳಿತು. 1923ರ ನೌಕರರ ಪರಿಹಾರ ಕಾಯ್ದೆಯ ಪ್ರಕಾರ ಸಾವಿನ ಪರಿಹಾರವೆಂದರೆ ಮಾಸಿಕ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಿದ ಮೊತ್ತ. 2020ರ ಜನವರಿಯಲ್ಲಿ ಲೆಕ್ಕಕ್ಕೆ ಹಿಡಿಯುವ ವೇತನದ ಗರಿಷ್ಠ ಮಿತಿಯನ್ನು 15,000 ರೂಪಾಯಿಗೆ ಏರಿಸಿದರು. 25 ವರ್ಷದವನಿಗೆ ಗುಣಕ 216.91. ಅಂದರೆ 7,500ನ್ನು 216.91ರಿಂದ ಗುಣಿಸಿದರೆ 16,26,825 ರೂಪಾಯಿ. ಸಾಮಾಜಿಕ ಭದ್ರತಾ ಸಂಹಿತೆಯೂ ಈ ಸೂತ್ರವನ್ನೇ ಉಳಿಸಿಕೊಂಡಿದೆ. ಗುತ್ತಿಗೆದಾರನು ಕೊಡದಿದ್ದರೆ ಕೆಲಸ ವಹಿಸಿದ ಮೂಲ ಸಂಸ್ಥೆಯಿಂದ ಕೇಳಲು ಅವಕಾಶವಿದೆ. ಆದರೆ ಕೇಳುವವರು ದೂರದ ಹಳ್ಳಿಯಲ್ಲಿರುತ್ತಾರೆ. ಸತ್ತವನು ಯಾವ ಕಂಪೆನಿಯ ಗೋಪುರದ ಮೇಲಿದ್ದನೆಂಬುದೇ ಅವರಿಗೆ ತಿಳಿದಿರುವುದಿಲ್ಲ.

ಸೊಸೈಟಿಯ ಕೈಯಲ್ಲಿರುವುದು

ಗೋಪುರದ ತಾಂತ್ರಿಕ ಹೊಣೆಯನ್ನು ಸೊಸೈಟಿ ಹೊರಲಾರದು, ಹೊರಲೂಬಾರದು. ಆದರೆ ಈ ಉದ್ದನೆಯ ಸರಪಳಿಯ ಕೊನೆಯ ಕೊಂಡಿ, ಅಂದರೆ ತಾರಸಿಯ ಬೀಗದ ಕೈ, ನಮ್ಮ ಬಳಿಯೇ ಇದೆ. ಒಪ್ಪಂದವನ್ನು ನವೀಕರಿಸುವಾಗ ನಮ್ಮ ಸಮಿತಿ ಒಂದು ಷರತ್ತನ್ನು ಸೇರಿಸಿತು. ಕೆಲಸಕ್ಕೆ ಎರಡು ದಿನ ಮುಂಚೆ ಲಿಖಿತ ಸೂಚನೆ, ಏರುವವರ ಹೆಸರು, ಎತ್ತರದ ಕೆಲಸದ ತರಬೇತಿಯ ಪ್ರಮಾಣಪತ್ರ, ವಿಮೆಯ ಪ್ರತಿ, ಅಂದಿನ ಕೆಲಸದ ಯೋಜನಾಪತ್ರ ಬಾರದೆ ಕೀಲಿ ಕೊಡುವುದಿಲ್ಲ. ಕಂಪೆನಿಯವರು ಮೊದಲು ಗೊಣಗಿದರು. ಸಿಗ್ನಲ್ ಹೋದರೆ ನಿಮ್ಮ ಸದಸ್ಯರೇ ದೂರುತ್ತಾರೆ ಎಂದರು. ಅದೂ ನಿಜವಾಯಿತು, ಒಂದು ಭಾನುವಾರ ಮಧ್ಯಾಹ್ನ ಫೋನು ಸರಿಯಿಲ್ಲವೆಂದು ನಮ್ಮವರೇ ಮೂವರು ಬಂದು, ಕಾಗದ ಪತ್ರ ಆಮೇಲೆ, ಮೊದಲು ಹುಡುಗನನ್ನು ಮೇಲೆ ಬಿಡಿ ಎಂದು ಒತ್ತಾಯಿಸಿದರು. ಅಂದು ಬಿಡಲಿಲ್ಲ. ಸೋಮವಾರ ಸಂಜೆ ಕಾಗದಗಳೊಡನೆ ಮೂವರು ಬಂದರು, ಹಾರ್ನೆಸ್ ಧರಿಸಿಯೇ ಏರಿದರು.

ಈಗ ವಾಚ್‌ಮನ್ನನ ಮೇಜಿನ ಮೇಲೆ ಒಂದು ಪುಸ್ತಕವಿದೆ. ತಾರಸಿಗೆ ಹೋಗುವವರ ಹೆಸರು, ಕಳುಹಿಸಿದವರ ಹೆಸರು, ಹೋದ ವೇಳೆ, ಇಳಿದ ವೇಳೆ, ತುರ್ತಿಗೆ ಫೋನ್ ಸಂಖ್ಯೆ ಎಂದು ಐದು ಅಂಕಣಗಳು. ರಟ್ಟಿನ ಮೇಲೆ 112 ಎಂಬ ತುರ್ತುಸಂಖ್ಯೆಯನ್ನೂ ಕಟ್ಟಡದ ಪೂರ್ಣ ವಿಳಾಸವನ್ನೂ ದಪ್ಪಕ್ಷರದಲ್ಲಿ ಬರೆಸಿದ್ದೇವೆ, ಏಕೆಂದರೆ ಹೊರಗಿನಿಂದ ಬಂದ ಕೆಲಸಗಾರನಿಗೆ ತಾನು ಯಾವ ಬೀದಿಯಲ್ಲಿದ್ದೇನೆಂದು ಹೇಳಲು ಬಾರದು. ಕಳೆದ ಮಳೆಗಾಲಕ್ಕೆ ಮುನ್ನ ಬಂದ ತರುಣನೊಬ್ಬನು ನಾಲ್ಕು ಅಂಕಣಗಳನ್ನು ತುಂಬಿ ಐದನೆಯದರ ಬಳಿ ನಿಂತನು. ಯಾರ ಸಂಖ್ಯೆ ಬರೆಯಲಿ, ಠೇಕೇದಾರನದೋ ಊರಿನಲ್ಲಿರುವ ತಾಯಿಯದೋ ಎಂದು ಕೇಳಿದನು. ಎರಡನ್ನೂ ಬರೆಯಲು ಹೇಳಿದೆವು.